ದಂದಕ್ಕಿ ಸಾಹೇಬರು

ಕೊಪ್ಪಳ ಸೀಮೆಯಲ್ಲಿ ಎತ್ತಿಗೆ ಬಹುವಚನ ಹಚ್ಚಿ ಮಾತಾಡಿದವರು, ನಾನು ಕಂಡಂತೆ, ಒಬ್ಬರೇ. "ಸ್ವಲ್ಪ ಆ ಕಡೆ ಸರೀರಿ" ಎನ್ನುತ್ತಿದ್ದರು. ಎತ್ತು ಸರಿಯುವವರೆಗೆ ಟೇಪು ಹಿಡಿದು ನಿಂತಿರುತ್ತಿದ್ದರು. ಸರಿಯದಿದ್ದರೆ ಆ ಗೋಡೆ ಬಿಟ್ಟು ಇನ್ನೊಂದು ಗೋಡೆ ಅಳೆಯುತ್ತಿದ್ದರು. ತಹಶೀಲ್ದಾರರೊಂದಿಗೂ ಅದೇ ಬಹುವಚನ, ಅದೇ ದನಿ. ಇದರಿಂದ ಅವಮಾನವಾದದ್ದು ಎತ್ತಿಗೋ ತಹಶೀಲ್ದಾರರಿಗೋ ಎಂಬ ಪ್ರಶ್ನೆ ನಮ್ಮ ಕಚೇರಿಯಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿಯಿತು.

ಅವರ ಹೆಸರನ್ನು ಬರೆಯುವುದಿಲ್ಲ. ತಾವು ಬರೆದ ನಕಾಶೆಯ ಮೂಲೆಯಲ್ಲಿ ತಮ್ಮ ಹೆಸರನ್ನು ಇರುವೆ ಹರಿದಷ್ಟು ಸಣ್ಣದಾಗಿ ಹಾಕುತ್ತಿದ್ದವರು. ಅದನ್ನು ನಾನೀಗ ಅಚ್ಚಿನಲ್ಲಿ ದೊಡ್ಡದು ಮಾಡಿದರೆ ಒಪ್ಪಲಾರರು. ಜನ ಇಟ್ಟ ಹೆಸರೊಂದಿದೆ: ದಂದಕ್ಕಿ ಸಾಹೇಬರು. ನಮ್ಮ ಕಡೆ ದಂದಕ್ಕಿ ಎಂದರೆ ದನ ಕಟ್ಟುವ ಮನೆ. ಈ ಬಿರುದು ಅವರಿಗೆ ಹೇಗೆ ಬಂತೆಂಬುದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳದೆ ಅವರ ಚಿತ್ರ ಬರೆಯಲಾರೆ.

ಹುದ್ದೆಯಿಂದ ಅವರು ಓವರ್‌ಸಿಯರು. ನಿಜಾಮರ ಸರಕಾರದ ಕಾಲ. ಕಚೇರಿಯಲ್ಲಿ ಬರೆಯುವ ಭಾಷೆ ಉರ್ದು, ಬೈಯುವ ಭಾಷೆ ಕನ್ನಡ. ನಾನು ಅವರ ಕೈಕೆಳಗಿನ ಗುಮಾಸ್ತ. ಅವರು ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆದು ಮೇಲಕ್ಕೆ ಕಳಿಸುವುದು, ಮೇಲಿನಿಂದ ಉರ್ದುವಿನಲ್ಲಿ ಬಂದದ್ದನ್ನು ಕನ್ನಡ ಮಾಡಿ ಕೆಳಕ್ಕೆ ಕಳಿಸುವುದು ನನ್ನ ಕೆಲಸ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಈ ಉದ್ಯೋಗದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಅದು ಎಷ್ಟು ಖರೆಯ ಹೆಸರೆಂಬುದನ್ನು ಮುಂದೆ ನೀವೇ ನೋಡುವಿರಿ.

ಅವರು ಕೊಪ್ಪಳದ ಸ್ಟೇಷನ್ನಿನಲ್ಲಿ ಇಳಿದದ್ದು ಒಂದು ಟ್ರಂಕು, ಒಂದು ಹಲಗೆ, ಒಂದು ಸುರುಳಿ ಕಾಗದದೊಂದಿಗೆ. ಟ್ರಂಕನ್ನು ತಲೆಯ ಮೇಲೆ ಕೂಲಿಯವನು ಹೊತ್ತ, ಸುರುಳಿಯನ್ನು ಮಗುವಿನ ಹಾಗೆ ಅವರೇ ಎತ್ತಿಕೊಂಡರು. ಕೋಟೆಯ ಕಡೆಗಿನ ಓಣಿಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದರು. ಒಬ್ಬರಿಗೆ ಒಂದು ಪಾತ್ರೆ. ಅದರಲ್ಲೇ ಅನ್ನ, ಅದರಲ್ಲೇ ಸಾರು, ಅದರಲ್ಲೇ ಊಟ. ತೊಳೆಯುವ ಶ್ರಮ ಕಡಿಮೆ ಎಂಬುದು ಅವರು ಕೊಟ್ಟ ಕಾರಣ. ಯಾವ ಊರಿನವರೆಂದು ಯಾರಾದರೂ ಕೇಳಿದರೆ "ಭಾಳ ದೂರ ಅಲ್ರಿ" ಎನ್ನುತ್ತಿದ್ದರು; ದಿಕ್ಕು ಹೇಳುತ್ತಿರಲಿಲ್ಲ. ನಾನೊಮ್ಮೆ ಧೈರ್ಯ ಮಾಡಿ, ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳಿದೆ.

"ಇದ್ದರ್ರಿ" ಎಂದರು.

ವ್ಯಾಕರಣದಲ್ಲಿ ಭೂತಕಾಲಕ್ಕಿರುವ ಅಧಿಕಾರ ಎಷ್ಟೆಂದು ನನಗೆ ತಿಳಿದದ್ದು ಅಂದು. ಆಮೇಲೆ ನಾನು ಕೇಳಲಿಲ್ಲ.

ಅವರಿಗೆ ಟಪಾಲು ಬರುತ್ತಿರಲಿಲ್ಲ. ಆದರೆ ಟಪಾಲಿನವನು ಬರುವ ಹೊತ್ತಿಗೆ ಬಾಗಿಲ ಕಡೆಗೆ ಹೊರಳಿ ಕೂರುವ ಅಭ್ಯಾಸವಿತ್ತು. ಅವನು ಸರಕಾರಿ ಲಕೋಟೆಗಳನ್ನು ಕೊಟ್ಟು ಹೋದ ಮೇಲೆ "ಮುನ್ಶಿಯವರ, ನಿಮಗೇನರ ಬಂತೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ನನ್ನ ಅಕ್ಕ ವರ್ಷಕ್ಕೆ ಎರಡು ಕಾರ್ಡು ಬರೆಯುತ್ತಿದ್ದಳು. ಅವುಗಳಲ್ಲಿ ಜೋಳದ ಬೆಳೆ ಹೇಗಿದೆ, ಯಾರಿಗೆ ಕೂಸು ಹುಟ್ಟಿತು ಎಂಬಂಥ ಸಮಾಚಾರ. ಅದನ್ನು ಅವರಿಗೆ ಓದಿ ಹೇಳಬೇಕಾಗುತ್ತಿತ್ತು. ಆರು ತಿಂಗಳ ಮೇಲೆ "ಆ ಕೂಸಿಗೆ ಹಲ್ಲು ಬಂದಾವೇನ್ರಿ?" ಎಂದು ಕೇಳಿದಾಗ ಯಾವ ಕೂಸು ಎಂಬುದು ನನಗೇ ಮರೆತಿತ್ತು.

ನಕಾಶೆಯಲ್ಲಿ ಅವರಿಗೊಂದು ದುರಭ್ಯಾಸ. ಮನೆಯೊಂದನ್ನು ಬರೆದರೆ ಅದರೊಳಗೆ ಮನುಷ್ಯರನ್ನೂ ಬರೆಯುತ್ತಿದ್ದರು. ಒಳಗೆ ಬೀಸುವ ಕಲ್ಲಿನ ಮುಂದೆ ಒಬ್ಬ ಹೆಂಗಸು, ಕಟ್ಟೆಯ ಮೇಲೆ ಒಬ್ಬ ಮುದುಕ, ತೊಲೆಗೆ ಕಟ್ಟಿದ ತೊಟ್ಟಿಲು. ನಕಾಶೆಯಲ್ಲಿ ಪ್ರಾಣಿಗಳನ್ನೂ ಮನುಷ್ಯರನ್ನೂ ತೋರಿಸತಕ್ಕದ್ದಲ್ಲ ಎಂದು ಮೇಲಿನಿಂದ ತಾಕೀತು ಬಂತು. ಅಂದಿನಿಂದ ಮನುಷ್ಯರ ಜಾಗದಲ್ಲಿ ಸಣ್ಣ ಸೊನ್ನೆ ಹಾಕತೊಡಗಿದರು. ಮೇಲಿನವರು ಅವನ್ನು ಕಂಬವೆಂದು ತಿಳಿದು ಸುಮ್ಮನಾದರು. ಯಾವ ಸೊನ್ನೆ ಹೆಂಗಸು, ಯಾವುದು ಮುದುಕ ಎಂಬುದು ನಮ್ಮಿಬ್ಬರಿಗೇ ಗೊತ್ತಿತ್ತು.

ಹಬ್ಬ ಬಂತೆಂದರೆ ಅವರಿಗೆ ಸರ್ಕೀಟಿನ ಕೆಲಸ ನೆನಪಾಗುತ್ತಿತ್ತು. ಯುಗಾದಿಗೆ ಕುಷ್ಟಗಿ, ಪಂಚಮಿಗೆ ಯಲಬುರ್ಗಿ, ದೀಪಾವಳಿಗೆ ಗಂಗಾವತಿ. ಎರಡು ಸೈಕಲ್ಲು, ಮುಂದೆ ಅವರು, ಹಿಂದೆ ಟೇಪು ಮತ್ತು ಬುತ್ತಿ ಹೊತ್ತ ನಾನು. ದೀಪಾವಳಿಯ ದಿನ ಹೇಮಗುಡ್ಡದ ದುರ್ಗಮ್ಮನ ಗುಡಿಯ ಕಟ್ಟೆಯ ಮೇಲೆ ಕುಳಿತು, ನನ್ನ ಹೆಂಡತಿ ಕಟ್ಟಿಕೊಟ್ಟ ಹೋಳಿಗೆಯನ್ನು ಇಬ್ಬರೂ ತಿಂದದ್ದುಂಟು. ಆ ಹೋಳಿಗೆಯನ್ನು ಅವರು ತಿಂದ ರೀತಿ ನೋಡಿದರೆ ಅದನ್ನೂ ಅಳೆಯುತ್ತಿದ್ದಾರೆ ಎನಿಸುತ್ತಿತ್ತು. "ಅವರಿಗೆ ಹೇಳ್ರಿ" ಎಂದರು. ಏನು ಹೇಳಬೇಕೆಂದು ಹೇಳಲಿಲ್ಲ. ನಾನೂ ಮನೆಗೆ ಹೋಗಿ ಏನೂ ಹೇಳಲಿಲ್ಲ.

ಸರ್ಕೀಟಿನಲ್ಲಿ ಶಾಲೆಯ ಕಟ್ಟಡ, ಚಾವಡಿ, ಮೋರಿ ಇವುಗಳನ್ನು ನೋಡಬೇಕೆಂಬುದು ಸರಕಾರದ ಅಪೇಕ್ಷೆ. ಅದನ್ನು ಅರ್ಧ ದಿನದಲ್ಲಿ ಮುಗಿಸಿ ಅವರು ಹೊಲದ ಹಾದಿ ಹಿಡಿಯುತ್ತಿದ್ದರು. ಕಣದ ಬದಿಯ ಚಪ್ಪರ, ಕಾಳಿನ ಹಗೇವು, ಎಲ್ಲಕ್ಕಿಂತ ಹೆಚ್ಚಾಗಿ ದಂದಕ್ಕಿ. ಒಳಗೆ ಹೋಗಿ, ಮೇವು ಹಾಕುವ ಗೋದಲಿಯ ಅಂಚಿಗೆ ಕುಳಿತು, ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ಹೊರಗೆ ನಿಂತ ಒಕ್ಕಲಿಗ ನನ್ನ ಮುಖ ನೋಡುತ್ತಿದ್ದ; ನಾನು ಇದೆಲ್ಲ ಸರಕಾರಿ ಪದ್ಧತಿ ಎಂಬ ಮುಖ ಮಾಡುತ್ತಿದ್ದೆ.

ಹೀಗೇಕೆ ಎಂದು ಕೇಳಿದಾಗ ಅವರು ಹೇಳಿದ್ದು ನನ್ನ ನೆನಪಿನಲ್ಲಿ ಅವರ ದನಿಯಲ್ಲೇ ಉಳಿದಿದೆ. "ಮನಿ ಕಟ್ಟುವಾಗ ಮನಷಾ ಎದುರುಮನಿಯವನ್ನ ನೋಡಿ ಕಟ್ಟತಾನ್ರಿ. ದಂದಕ್ಕಿ ಕಟ್ಟುವಾಗ ಎತ್ತನ್ನ ನೋಡಿ ಕಟ್ಟತಾನ. ಅದಕ್ಕ ದಂದಕ್ಕ್ಯಾಗ ಸುಳ್ಳ ಇರಂಗಿಲ್ಲ."

ಮಾತು ನಿಜವೇ. ಪಡುವಣ ಗಾಳಿಗೆ ಬೆನ್ನು ಕೊಟ್ಟ ದಪ್ಪ ಗೋಡೆ, ಅದರಲ್ಲಿ ಒಂದು ತೂತೂ ಇಲ್ಲ. ಮೂಡಣಕ್ಕೆ ತೆರೆದ ಮುಂಭಾಗ. ನೀರು ನಿಲ್ಲದಂತೆ ಇಳಿಜಾರಾದ ನೆಲ. ಬಾಗಿಲು ಒಂದು ನೊಗದಗಲ, ಮೇಲೊಂದು ಗೇಣು. ಜೋಡೆತ್ತು ಕೊರಳು ಬಿಚ್ಚದೆ ಒಳಬರಬೇಕು. ಯಲಬುರ್ಗಿಯ ಎರೆ ನೆಲ ಬೇಸಗೆಯಲ್ಲಿ ಬಾಯಿ ಬಿಟ್ಟು ಮನೆಗಳ ಗೋಡೆ ಸೀಳಿದರೂ ದಂದಕ್ಕಿಯ ಗೋಡೆ ಸೀಳಿರುತ್ತಿರಲಿಲ್ಲ. ಪಾಯವನ್ನು ಅಷ್ಟು ಆಳಕ್ಕೆ ಇಳಿಸಿರುತ್ತಿದ್ದರು. ಪ್ಲೇಗು ಬಂದ ವರ್ಷ ಊರು ಬಿಟ್ಟು ಹೊಲದ ದಂದಕ್ಕಿಯಲ್ಲಿ ಎತ್ತುಗಳ ಜೊತೆ ಮಲಗಿದ್ದವರು, ಅಷ್ಟು ಸುಖದ ನಿದ್ದೆ ಮತ್ತೆ ಬಂದಿಲ್ಲ ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಕುಕನೂರಿನ ಆಚೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕನ ದಂದಕ್ಕಿ ಅವರ ಮನಸ್ಸು ಹಿಡಿಯಿತು. ನಾಲ್ಕು ದಿನ ಅಳೆದರು. ಮೊದಲ ದಿನವೇ ಮುದುಕ ಇದು ಹೊಸ ತೆರಿಗೆ ಹಾಕುವ ಹುನ್ನಾರವೆಂದು ತಿಳಿದು ಒಂದು ಜೋಡಿ ಎತ್ತನ್ನು ನೆರೆಯವನ ದಂದಕ್ಕಿಗೆ ದಾಟಿಸಿದ. ಮರುದಿನ ನೆರೆಯವನ ದಂದಕ್ಕಿಯ ಸರದಿ. ಎತ್ತು ಅಲ್ಲಿಂದ ಮೂರನೆಯವನಲ್ಲಿಗೆ ಹೋದವು. ಮೂರನೆಯ ದಿನ ಸಾಹೇಬರು ಅವುಗಳನ್ನು ಕಂಡು ಹಳೆಯ ಪರಿಚಯದವರ ಹಾಗೆ ನಿಂತು, "ಇವರು ಎಲ್ಲಿ ಹೋದರೂ ಮೊದಲ ಬಂದಿರತಾರಲ್ರಿ" ಎಂದರು. ಮುದುಕ ಮೊದಲ ಸಲ ನಕ್ಕ. ಅಂದಿನಿಂದ ಅವರಿಬ್ಬರಿಗೂ ಒಂದು ಬಗೆಯ ಸ್ನೇಹ.

ಅದೇ ಹಳ್ಳಿಗೆ ಆ ವರ್ಷ ಶ್ರಾವಣ ಕಳೆದ ಮೇಲೆ ಹಳ್ಳ ಉಕ್ಕಿ ಬಂತು. ತಗ್ಗಿನ ಓಣಿ ಪೂರಾ ಹೋಯಿತು. ಜನ ಉಳಿದರು, ಮಣ್ಣಿನ ಗೋಡೆಗಳು ನೀರಲ್ಲಿ ಕಲಸಿ ಹಳ್ಳದ ಪಾಲಾದವು. ದಿನ್ನೆಯ ಮೇಲೆ ಹೊಸ ಮನೆ ಕಟ್ಟಿಕೊಡಬೇಕೆಂದು ಸರಕಾರ ನಿಶ್ಚಯಿಸಿ, ಹೈದರಾಬಾದಿನಿಂದ ಒಂದು ನಕಾಶೆ ಕಳಿಸಿತು. ಪೆಟ್ಟಿಗೆಯ ಮಗ್ಗುಲಿಗೆ ಪೆಟ್ಟಿಗೆ ಇಟ್ಟಂತೆ ಸಾಲುಮನೆ, ತಗಡಿನ ಮಾಳಿಗೆ. ಸಾಹೇಬರು ಅದನ್ನು ಮೂರು ದಿನ ನೋಡಿದರು. ನಾಲ್ಕನೆಯ ದಿನ ಹಲಗೆ ತೆಗೆದರು. ಆರು ವರ್ಷ ಅಳೆದದ್ದೆಲ್ಲ ಆ ಕಾಗದದ ಮೇಲೆ ಇಳಿಯಿತು: ದಂದಕ್ಕಿಯ ದಪ್ಪ ಗೋಡೆ, ಕಣದ ಚಪ್ಪರದ ಮುಂಭಾಗ, ಮೇಲೆ ಸವಳು ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಎಡಬಲಕ್ಕೆ ಮನೆಗೆ ಮನೆ ಅಂಟಿದ್ದರೂ ಒಳಗೆ ತಂಪು.

ನನ್ನ ಪಾಲಿನ ಮೊದಲ ಕೆಲಸ ಇಲ್ಲಿಂದ ಶುರು. ಅವರು ಹೇಳಿ ಬರೆಸಿದ್ದು "ದಂದಕ್ಕಿ ನೋಡಿ ಕಲಿತು ಕಟ್ಟಿದ ಮನೆ" ಎಂದು. ನಾನು ನನ್ನ ಉರ್ದುವಿನ ಠೀವಿ ತೋರಿಸಲು "ಮವೇಶಿಖಾನಾ-ನುಮಾ ಮಕಾನ್" ಎಂದು ಬರೆದೆ; ಅಂದರೆ ದಂದಕ್ಕಿಯಂಥ ಮನೆ. ಒಂದು ಮಾದರಿ ಮನೆ ಕಟ್ಟಿ ನೋಡಲು ಮಂಜೂರಾತಿ ಬಂತು. ಅದನ್ನು ಹಳ್ಳಿಗೆ ತಿಳಿಸುವಾಗ ತಳವಾರ ಡಂಗುರದ ಒಂದೇ ಉಸಿರಿನಲ್ಲಿ "ಸರಕಾರದವರು ದಂದಕ್ಕಿ ಕಟ್ಟಿಕೊಡತಾರ, ಹಳ್ಳಕ್ಕ ಮನಿ ಹೋದೋರೆಲ್ಲ ಅದರಾಗ ಇರಬೇಕು" ಎಂದು ಸಾರಿದ. 'ಕಲಿತು' ಎಂಬುದು ನನ್ನ ಲೇಖನಿಯಲ್ಲಿ ಉದುರಿತು, 'ಅಂಥ' ಎಂಬುದು ತಳವಾರನ ಬಾಯಲ್ಲಿ ಉದುರಿತು. ಉಳಿದದ್ದು ದಂದಕ್ಕಿ; ಸಾಹೇಬರ ಹೆಸರಿಗೂ ಅದೇ ಅಂಟಿತು.

ಇದು ಸಾಲದೆಂಬಂತೆ ಕಿನ್ನಾಳದ ಚಿತ್ರಗಾರನಿಂದ ಕಟ್ಟಿಗೆಯ ಸಣ್ಣ ಮನೆಯೊಂದನ್ನು ಮಾಡಿಸಿದ್ದರು, ಊರವರಿಗೆ ತೋರಿಸಲು. ಅವನು ಬಣ್ಣ ಹೊಡೆದು ಚಂದವಾಗಿಯೇ ಮಾಡಿದ್ದ. ಆದರೆ ಖಾಲಿ ಮನೆ ಕೊಡುವುದು ಅಪಶಕುನವೆಂದು, ತನ್ನಲ್ಲಿದ್ದ ಒಂದು ಜೋಡಿ ಗೊಂಬೆ ಎತ್ತನ್ನು ಪಡಸಾಲೆಯಲ್ಲಿ ಅಂಟಿಸಿಬಿಟ್ಟಿದ್ದ. ಬಿಡಿಸಲು ಹೋದರೆ ನೆಲವೇ ಕಿತ್ತು ಬರುತ್ತಿತ್ತು. ಚಾವಡಿಯಲ್ಲಿ ಅದನ್ನು ಇಟ್ಟಾಗ ಜನ ಬಗ್ಗಿ ನೋಡಿದರು. ಒಬ್ಬ ಬಹಳ ವಿನಯದಿಂದ ಕೇಳಿದ:

"ಹುಲ್ಲು ನಾವ ತರಬೇಕೋ, ಸರಕಾರದವರ ಹಾಕತಾರೋ?"

ಸಾಹೇಬರು ಆ ಪ್ರಶ್ನೆಯನ್ನೂ ಪ್ರಶ್ನೆಯೆಂದೇ ತಿಳಿದು ಉತ್ತರ ಹೇಳಲು ಹೊರಟರು. ನಾನು ಅವರ ಅಂಗಿಯ ತೋಳು ಜಗ್ಗಿದೆ.

ಆದರೂ ಮಾದರಿ ಮನೆ ಎದ್ದಿತು. ಅವರು ದಿನವೂ ಕೆಸರಲ್ಲಿ ನಿಂತರು. ನಾನು ಕಂಡ ಮನೆಗಳಲ್ಲಿ ಅಷ್ಟು ಒಳ್ಳೆಯದನ್ನು ಕಂಡಿಲ್ಲ. ಒಳಗೆ ಕಾಲಿಟ್ಟರೆ ಚೈತ್ರದ ಮಧ್ಯಾಹ್ನದಲ್ಲೂ ಯಾರೋ ಹಣೆಯ ಮೇಲೆ ಒದ್ದೆ ಕೈ ಇಟ್ಟಂತೆ. ಅಡಿಗೆಮನೆ ಪಡುವಣಕ್ಕೆ, ಅದಕ್ಕೆ ಹೊರಗೋಡೆಯೆಂದರೆ ಆ ತೂತಿಲ್ಲದ ಗೋಡೆಯೊಂದೇ. ಬೆಳಕು, ಹೊಗೆ ಎರಡಕ್ಕೂ ಮೇಲಿನ ಬೆಳಕಿಂಡಿ.

ಎತ್ತು ದಾಟಿಸಿದ್ದ ಆ ಮುದುಕ ತನ್ನ ಹೆಂಡತಿ, ಮಗನ ಜೊತೆ ಅಲ್ಲಿರಲು ಒಪ್ಪಿದ್ದ. ಅಷ್ಟರಲ್ಲಿ ಹೈದರಾಬಾದಿನ ದೊಡ್ಡ ಸಾಹೇಬರಿಂದ ಕಾಗದ ಬಂತು: ಆಷಾಢದಲ್ಲಿ ಬರುತ್ತೇನೆ, ಮಾದರಿ ಮನೆಯಲ್ಲಿ ಒಂದು ಕುಟುಂಬ ಒಲೆ ಹೂಡಿ ಬಾಳುತ್ತಿರುವುದನ್ನು ಕಂಡರೆ ಇಡೀ ಓಣಿಯನ್ನು ಅದೇ ನಕಾಶೆಯಂತೆ ಕಟ್ಟಬಹುದು, ಇಲ್ಲದಿದ್ದರೆ ಸಾಲುಮನೆ. ಕಾಗದವನ್ನು ಸಾಹೇಬರು ನನ್ನಿಂದ ಎರಡು ಸಲ ಓದಿಸಿದರು. "ಒಂದ ಒಲಿ ಹೊತ್ತಿದರ ಸಾಕಲ್ರಿ" ಎಂದರು. ಅಷ್ಟು ಸಂತೋಷದ ಮುಖ ಅವರಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಹತ್ತು ದಿನ ಉಳಿದಿರುವಾಗ ಮುದುಕ ಕೊಪ್ಪಳಕ್ಕೇ ನಡೆದು ಬಂದ. ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಮಗಗ ಹೆಣ್ಣು ಗೊತ್ತಾಗಿತ್ರಿ" ಎಂದ. "ಬೀಗರು ಹೇಳಿ ಕಳಿಸ್ಯಾರ. ದಂದಕ್ಕ್ಯಾಗ ಇರೋರಿಗೆ ನಾವು ಹೆಣ್ಣು ಕೊಡಂಗಿಲ್ಲ ಅಂತ."

"ಅದು ದಂದಕ್ಕಿ ಅಲ್ಲಲ್ರಿ, ಗೌಡ್ರ" ಎಂದರು ಸಾಹೇಬರು.

"ನನಗ ಗೊತ್ತೈತ್ರೀ. ನನ್ನ ಮನಿಗಿಂತ ಛಲೋ ಐತಿ. ಆದರ ಹೆಸರ ಬಿದ್ದು ಹೋತಲ್ರಿ."

ಆ ಹೆಸರು ಬಿದ್ದದ್ದು ಎಲ್ಲಿಂದ ಎಂದು ನಾನು ಅಲ್ಲಿಯೇ ಹೇಳಬಹುದಿತ್ತು. ಮೇಜಿನ ಮೇಲಿನ ಕಾಗದಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸಿದೆ.

ಊರಲ್ಲಿ ಬೇರೆ ಯಾರೂ ಒಪ್ಪಲಿಲ್ಲ. ಒಂದು ವಾರ ಸಾಹೇಬರು ಮನೆಯಿಂದ ಮನೆಗೆ ಹೋಗಿ ಬಂದರು. ಕೊನೆಗೆ ಒಂದು ಸಂಜೆ ಕಚೇರಿ ಮುಚ್ಚುವಾಗ, ಬೀಗ ನನ್ನ ಕೈಯಲ್ಲಿರುವಾಗ, ಗೋಡೆಯ ಕಡೆ ನೋಡುತ್ತ ಮಾತಾಡಿದರು. ಯಾರಲ್ಲೂ ಏನೂ ಕೇಳಿ ಅಭ್ಯಾಸವಿಲ್ಲದವರು ಕೇಳುವ ರೀತಿ ಅದು.

"ನಿಮ್ಮ ಮನಿಯವರನ್ನ ಕರಕೊಂಡು ಎಂಟು ದಿನ ಅಲ್ಲಿಗೆ ಬರತೀರೇನ್ರಿ? ನಾ ಚಾವಡ್ಯಾಗ ಮಲಗತೀನಿ. ಅವರು ಒಲಿ ಹಚ್ಚಿದರ ಸಾಕು." ಆಮೇಲೆ, "ಅವರನ್ನ ಕೇಳಿ ನೋಡ್ರಿ. ಒಲ್ಲೆ ಅಂದರ ಬ್ಯಾಡ" ಎಂದರು.

ನನಗೆ ಆಗ ಮದುವೆಯಾಗಿ ಎರಡು ವರ್ಷ. ಸೋದರಮಾವನ ಮನೆಯಲ್ಲಿ ಹನ್ನೊಂದು ಜನರ ನಡುವೆ ನಾವಿಬ್ಬರು. ಆ ದಿನ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿದ್ದದ್ದು ಮಾವನ ದನಿ: ಸರಕಾರಿ ನೌಕರಿ ಹಿಡಿದವನು ಹೆಂಡತಿಯನ್ನು ಕಟ್ಟಿಕೊಂಡು ದಂದಕ್ಕಿಗೆ ಹೋದನೆಂದು ಕುಲಬಾಂಧವರ ಮುಂದೆ ಅವನು ಹೇಗೆ ಹೇಳುತ್ತಾನೆ, ಎಲ್ಲಿ ನಿಲ್ಲಿಸಿ ನಗುತ್ತಾನೆ ಎಂಬುದೆಲ್ಲ ಕೇಳಿಸಿತು. ಮನೆಗೆ ಹೋದೆ. ಉಂಡೆ. ಹೆಂಡತಿ ಬಡಿಸಿದಳು. ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವರು ನನಗಿಂತ ಮೊದಲೇ ಬಂದು ಕುಳಿತಿದ್ದರು.

"ಆಕಿ ಒಲ್ಲೆ ಅಂತಾಳ್ರಿ" ಎಂದೆ.

ಸುಳ್ಳು ಅಲ್ಲಿಗೆ ನಿಲ್ಲುತ್ತದೆಂದು ತಿಳಿದಿದ್ದೆ. ಬೇರೆ ಯಾರಾದರೂ ಆಗಿದ್ದರೆ ಬೇಸರಪಟ್ಟು ಸುಮ್ಮನಾಗುತ್ತಿದ್ದರು. ಇವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಯಾಕಂತ್ರಿ? ಏನು ಕಡಿಮಿ ಅನಿಸಿತಂತ?"

"ಏನಿಲ್ರಿ..."

"ಇಲ್ಲ, ಹೇಳ್ರಿ. ದಿನಾ ಮನಿಯಾಗ ಇರೋರು ಹೆಣ್ಣುಮಕ್ಕಳು. ಅವರು ಸುಮ್ಮನ ಒಲ್ಲೆ ಅನ್ನಂಗಿಲ್ಲ."

ನಾನು ಬಾಯಿಗೆ ಬಂದದ್ದನ್ನು ಹೇಳಿದೆ. "ಅಡಗಿಮನಿ ಕತ್ತಲಂತ್ರಿ."

ಆ ಮನೆಯನ್ನು ಅವಳು ಕಂಡೇ ಇಲ್ಲವಲ್ಲ, ಕತ್ತಲೆಂದು ಹೇಗೆ ತಿಳಿಯಿತು ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ನಾನು ಮನೆಯಲ್ಲಿ ಕುಳಿತು ಎಲ್ಲವನ್ನೂ ಅವಳಿಗೆ ವರ್ಣಿಸಿ ಹೇಳಿರಬೇಕೆಂದು ಅವರು ನಂಬಿದ್ದರು. ಗಂಡಹೆಂಡಿರು ಹಾಗೆಲ್ಲ ಮಾತಾಡುತ್ತಾರೆಂದು ಅವರ ಭಾವನೆ. ಬಹಳ ಹೊತ್ತು ನಕಾಶೆ ನೋಡಿದರು. "ಖರೇ ಹೇಳ್ಯಾರ" ಎಂದು ತಮಗೇ ಹೇಳಿಕೊಂಡರು. "ಗಾಳಿ ಒಂದ ನೋಡಿದೆ ನಾನು. ಅಡಗಿ ಮಾಡೋರನ್ನ ನೋಡಲಿಲ್ಲ."

ಎರಡು ದಿನ ಅವರು ಕಚೇರಿಗೆ ಬರಲಿಲ್ಲ. ದೊಡ್ಡ ಸಾಹೇಬರು ಬರುವ ಮುಂಜಾನೆ ನಾನು ಹಳ್ಳಿಗೆ ಹೋಗಿ ನೋಡಿದರೆ ಅಡಿಗೆಮನೆಯ ಪಡುವಣ ಗೋಡೆಯಲ್ಲಿ ಮೊಳದಗಲದ ಖಿಡಕಿ. ಆರು ವರ್ಷ ನಾಲ್ಕು ತಾಲೂಕಿನಲ್ಲಿ ಯಾವ ಗೋಡೆಗೆ ತೂತು ಬೀಳಬಾರದೆಂದು ಹೇಳುತ್ತ ಬಂದಿದ್ದರೋ ಆ ಗೋಡೆಯನ್ನು ತಾವೇ ಹಾರೆ ಹಿಡಿದು ಒಡೆದಿದ್ದರು. ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. "ಬೆಳಕ ನೋಡ್ರಿ ಈಗ" ಎಂದರು.

ಬೆಳಕು ಬಂದಿತ್ತು. ಅದರ ಹಿಂದೆ ಆಷಾಢದ ಗಾಳಿಯೂ ಬಂದಿತ್ತು.

ಕುಟುಂಬವಿಲ್ಲದ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದಿದವರೂ ಒಲೆ ಹಚ್ಚಿದವರೂ ಅವರೇ. ಒಂದು ಸಗಣಿ ಕುಳ್ಳು ಹಿಡಿಯುವ ಹೊತ್ತಿಗೆ ಖಿಡಕಿಯಿಂದ ಗಾಳಿ ನುಗ್ಗಿ ಬೂದಿಯನ್ನು ಎಬ್ಬಿಸಿತು. ಹೊಗೆ ಬೆಳಕಿಂಡಿಗೆ ಏರುವುದನ್ನು ಬಿಟ್ಟು ಪಡಸಾಲೆಗೆ ಹೊರಳಿತು. ದೊಡ್ಡ ಸಾಹೇಬರು ಒಳಗೆ ಕಾಲಿಟ್ಟದ್ದು ಆ ಹೊಗೆಯೊಳಕ್ಕೆ. ಕೆಮ್ಮಿದರು, ಕಣ್ಣೊರೆಸಿಕೊಂಡರು, ನಕಾಶೆ ಬಿಚ್ಚಿ ಕೇಳಿದರು: ಈ ಖಿಡಕಿ ಇದರಲ್ಲಿ ಎಲ್ಲಿದೆ?

ಇಲ್ಲ ಎಂದರು ನಮ್ಮವರು. ಹೆಣ್ಣುಮಕ್ಕಳು ಕೇಳಿದರು, ಆದ್ದರಿಂದ ಇಟ್ಟೆ.

ಯಾವ ಹೆಣ್ಣುಮಕ್ಕಳು ಎಂದು ಕೇಳಿದ ದೊಡ್ಡ ಸಾಹೇಬರು ಸುತ್ತ ನೋಡಿದರು. ಒಲೆಯ ಮುಂದೆ ಊದುಗೊಳವೆ ಹಿಡಿದ ಗುಮಾಸ್ತನೊಬ್ಬ, ಮೊಣಕೈವರೆಗೆ ಹಿಟ್ಟಾದ ಓವರ್‌ಸಿಯರೊಬ್ಬ. ಕಾಗದದಲ್ಲಿ ಬರೆದ ಕುಟುಂಬ ಅಷ್ಟೇ. ನಮ್ಮ ಸಾಹೇಬರು ನನ್ನ ಕಡೆ ಬೆರಳು ತೋರಬಹುದಿತ್ತು. ಇವನ ಹೆಂಡತಿ ಎಂದು ಹೇಳಬಹುದಿತ್ತು. ಅವರು ನನ್ನತ್ತ ತಿರುಗಲೇ ಇಲ್ಲ. "ಇರೋರು" ಎಂದರು ಮೆಲ್ಲಗೆ. ಅದನ್ನು ಉರ್ದು ಮಾಡುವುದು ನನ್ನ ಕೆಲಸ. ನಾನು ಮಾಡಲಿಲ್ಲ.

ಸಾಲುಮನೆಗಳು ಬಂದವು. ಬೇಸಗೆಯಲ್ಲಿ ಆ ತಗಡಿನ ಕೆಳಗೆ ಹಪ್ಪಳ ಸುಡಬಹುದೆಂದು ಜನ ಹೇಳುತ್ತಿದ್ದರು. ಆದರೆ ಅವುಗಳನ್ನು ಯಾರೂ ದಂದಕ್ಕಿ ಎನ್ನಲಿಲ್ಲವಾಗಿ ಮಾನ ಉಳಿಯಿತು, ಮುದುಕನ ಮಗನ ಮದುವೆಯೂ ಆಯಿತು. ಮಾದರಿ ಮನೆಯಲ್ಲಿ ಮುದುಕ ತನ್ನ ಎತ್ತು ಕಟ್ಟಿದ. ಮೊದಲ ದಿನವೇ ಪಡುವಣ ಖಿಡಕಿಯನ್ನು ಕಲ್ಲುಮಣ್ಣು ತುಂಬಿ ಮುಚ್ಚಿದನಂತೆ. ಕೇಳಿದ್ದಕ್ಕೆ, "ಗಾಳಿ ಬಡದರ ಎತ್ತು ತಡಕೊಳ್ಳಂಗಿಲ್ರಿ" ಎಂದ. ಸಾಹೇಬರು ಹೋಗಿ ಗೋದಲಿಯ ಅಂಚಿಗೆ ಕುಳಿತು ಬಂದರು. ಅಲ್ಲಿ ಏನು ಮಾತಾಯಿತೋ ತಿಳಿಯದು; ನಾನು ಜೊತೆಗೆ ಹೋಗಿರಲಿಲ್ಲ.

ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಸ್ಟೇಷನ್ನಿಗೆ ಹೋದವನು ನಾನೊಬ್ಬನೇ. ರೈಲು ತಡವಾಗಿತ್ತು, ಹೇಳಿಬಿಡಲು ಸಾಕಾಗುವಷ್ಟು ತಡ. ನಾನು ಜೋಳದ ಧಾರಣೆಯ ಬಗ್ಗೆ ಮಾತಾಡಿದೆ. ಗಾಡಿ ಕಾಣಿಸಿದಾಗ ಅವರೇ ಹೇಳಿದರು:

"ನಿಮ್ಮ ಮನಿಯವರಿಗೆ ನಮಸ್ಕಾರ ಹೇಳ್ರಿ. ಊರವರೆಲ್ಲ ಬರೇ ದಂದಕ್ಕಿ ಅಂದು ಬಿಟ್ಟರು. ಏನು ಕಡಿಮ್ಯಾಗೈತಿ ಅಂತ ಹೇಳಿದವರು ಅವರೊಬ್ಬರ."

ಆ ನಮಸ್ಕಾರವನ್ನೂ ನಾನು ಮುಟ್ಟಿಸಲಿಲ್ಲ.

ಐದಾರು ವರ್ಷಗಳಾದವು. ಅಷ್ಟರಲ್ಲಿ ನನಗೊಂದು ಸ್ವಂತ ಬಿಡಾರ, ಎರಡು ಮಕ್ಕಳು. ಒಂದು ದಿನ ಟಪಾಲಿನವನು ಬಟ್ಟೆ ಸುತ್ತಿದ ಉದ್ದನೆಯ ಸುರುಳಿಯೊಂದನ್ನು ತಂದ. ಜೊತೆಗೆ, ಸಾಹೇಬರು ಬಿಡಾರ ಹಿಡಿದಿದ್ದ ಮನೆಯ ಯಜಮಾನ ಬರೆದ ಚೀಟಿ: ಇಂಥವರು ತೀರಿಕೊಂಡರು; ಬಂಧುಗಳು ಯಾರೆಂದು ತಿಳಿಯದು; ಟ್ರಂಕಿನಲ್ಲಿ ಇದ್ದ ವಿಳಾಸ ಇದೊಂದೇ, ಅದೂ ಈ ಸುರುಳಿಯ ಮೇಲೆ ಅವರೇ ಬರೆದದ್ದು.

ಬಿಚ್ಚಿದೆ. ಅದೇ ಮನೆಯ ನಕಾಶೆ. ಪಡುವಣ ಗೋಡೆ ಮತ್ತೆ ಇಡಿಯಾಗಿ ನಿಂತಿತ್ತು. ಅಡಿಗೆಮನೆಯನ್ನು ಅಲ್ಲಿಂದ ಎತ್ತಿ ಮೂಡಣಕ್ಕೆ ತಂದಿದ್ದರು. ಅದಕ್ಕಾಗಿ ಪಡಸಾಲೆ ಸರಿದಿತ್ತು, ಮಾಳಿಗೆಯ ತೊಲೆಗಳೆಲ್ಲ ದಿಕ್ಕು ಬದಲಿಸಿದ್ದವು. ಅಳಿಸಿ ಅಳಿಸಿ ಕಾಗದ ಅಲ್ಲಲ್ಲಿ ಬಟ್ಟೆಯಂತಾಗಿತ್ತು. ಒಂದು ವರ್ಷದ ಕೆಲಸವಲ್ಲ ಅದು.

ಹೆಂಡತಿ ಬಂದು ಬಗ್ಗಿ ನೋಡಿದಳು. ಅವಳಿಗೆ ಓದು ಬರದು. ಯಾರ ಮನೆ ಎಂದು ಕೇಳಿದಳು. ಹೀಗೊಬ್ಬರು ಇದ್ದರು ಎಂದೆ. ಹೋಳಿಗೆ ಕಟ್ಟಿಕೊಡುತ್ತಿದ್ದದ್ದು ನೆನಪಾಯಿತು ಅವಳಿಗೆ. ಆಮೇಲೆ ಕಾಗದದ ಅಂಚಿನ ಮೇಲೆ ಬೆರಳಿಟ್ಟಳು.

"ಇಲ್ಲೇನೋ ಬರದಾರಲ್ರಿ. ಏನಂತ?"

ಇನ್ನೊಂದು ಸುಳ್ಳಿಗೆ ಅವಕಾಶವಿತ್ತು. ಓದಿದೆ: "ನಿಮ್ಮ ಮನೆಯವರಿಗೆ ತೋರಿಸಿರಿ. ಈಗ ಬೆಳಕು ಸಾಕೇನು, ಕೇಳಿರಿ."

ಅವಳು ನನ್ನನ್ನು ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ಆ ಸಂಜೆಯಿಂದ ಹಿಡಿದು ಸ್ಟೇಷನ್ನಿನ ನಮಸ್ಕಾರದವರೆಗೆ. ಮಕ್ಕಳು ಹೊರಗೆ ಆಡುತ್ತಿದ್ದವು. ಅವಳು ಜಗಳವಾಡುತ್ತಾಳೆ ಎಂದುಕೊಂಡಿದ್ದೆ, ಆಡಿದ್ದರೆ ಹಗುರಾಗುತ್ತಿತ್ತು. ನಕಾಶೆಯ ಸುರುಳಿಕೊಳ್ಳುವ ಅಂಚುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಒಲೆ ಎಲ್ಲಿ, ಬಾಗಿಲು ಎಲ್ಲಿ ಎಂದು ಕೇಳಿ ತಿಳಿದುಕೊಂಡಳು.

"ನಿಮ್ಮ ಮಾವನ ಮನ್ಯಾಗ ನನಗ ಕುಂದ್ರಾಕ ಜಾಗ ಇರಲಿಲ್ಲ" ಎಂದಳು. "ಕೇಳಿದ್ದರ ಅವತ್ತ ಬರತಿದ್ನಲ್ರಿ."

ನಕಾಶೆಯ ಅಡಿಗೆಮನೆಯ ಮೇಲೆ ಬೆರಳಾಡಿಸಿದಳು.

"ಬೆಳಕ ಸಾಕರಿ" ಎಂದಳು. "ಸಾಕಂದ್ಲು ಅಂತ ಬರೀರಿ ಅವರಿಗೆ."

ತೀರಿಕೊಂಡರೆಂದು ಆಗಲೇ ಹೇಳಿದ್ದೆ, ಅವಳಿಗೂ ಗೊತ್ತಿತ್ತು. ಆದರೂ ದೌತಿ, ಲೇಖನಿ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಅವತ್ತು ಯಾವ ವಿಳಾಸಕ್ಕೆ ಬರೆಯಬೇಕೆಂದು ತಿಳಿಯದೆ ಕುಳಿತಿದ್ದೆ. ಇಂದು ಇದನ್ನು ಬರೆದಿದ್ದೇನೆ.